ಸ್ಕಾಟ್ಲೆಂಡಿನ ಕರಿಗೌಡರು

ಈ ವರ್ಷ ಹೊಸದಾಗಿ ಇತಿಹಾಸದ ಲೆಕ್ಚರರ್ ಆಗಿ ಸೇರಿದ ಹುಡುಗಿಯೊಬ್ಬಳು ಹೋದ ವಾರ ಸರಸ್ವತಿ ನಗರದ ನಮ್ಮ ಮನೆಗೆ ಬಂದಿದ್ದಳು. "ಮೇಡಂ, ನಿಮ್ಮ ಎಕ್ಸ್‌ಪೀರಿಯನ್ಸ್‌ನಿಂದ ಒಂದಿಷ್ಟು ಟಿಪ್ಸ್ ಕೊಡ್ರಿ" ಎಂದಳು. ಪಾಪ, ನಾನು ಏನೇನೋ ಹೇಳಿ, ಚಹಾ ಕುಡಿಸಿ ಕಳಿಸಿದೆ. ಅವಳು ಗೇಟು ದಾಟಿದ ಮೇಲೆ, ಹೇಳಬೇಕಾಗಿದ್ದದ್ದು ಇದಲ್ಲವಲ್ಲ ಅನ್ನಿಸಿತು. ಆದ್ದರಿಂದ ಈ ಬರಹ. ನಾನು ಯಾವಾಗ ರೀಡರ್ ಆದೆ, ಯಾವಾಗ ಡಿಪಾರ್ಟ್‌ಮೆಂಟಿನ ಹೆಡ್ ಆದೆ ಎಂಬುದರಲ್ಲಿ ಯಾರಿಗೂ ಆಸಕ್ತಿ ಇರಲಾರದು. ಫ್ರ್ಯಾಂಕ್ಲಿ, ನನಗೂ ಇಲ್ಲ.

ದಾವಣಗೆರೆಯ ಆ ಕಾಲೇಜಿಗೆ ನಾನು ಸೇರಿದಾಗ ನನ್ನ ಬಳಿ ಇದ್ದದ್ದು ಕಾನ್ವೆಂಟಿನ ಇಂಗ್ಲಿಷು ಮತ್ತು ಸ್ಟಾರ್ಚ್ ಹಾಕಿದ ಕಾಟನ್ ಸೀರೆಗಳು. ಮೊದಲ ದಿನವೇ ಮಧ್ಯಯುಗದ ಯೂರೋಪಿನ ಮೇಲೆ ನಲವತ್ತು ನಿಮಿಷ ಎಡೆಬಿಡದೆ ಇಂಗ್ಲಿಷಿನಲ್ಲಿ ಮಾತಾಡಿದೆ. ಕ್ಲಾಸು ಪಿನ್‌ಡ್ರಾಪ್ ಸೈಲೆನ್ಸ್. ಆಹಾ, ಎಷ್ಟು ಶ್ರದ್ಧೆ ಎಂದುಕೊಂಡೆ. ಬೆಲ್ಲಾದ ಮೇಲೆ ಹಿಂದಿನ ಬೆಂಚಿನಿಂದ ಒಬ್ಬಳು ಎದ್ದು, "ಮಿಸ್, ಪಾಠ ನಾಳೆಯಿಂದ ಶುರು ಮಾಡ್ತೀರೇನ್ರಿ?" ಎಂದಳು. ತಮಾಷೆಗೆ ಕೇಳಿದ್ದಲ್ಲ. ನಿಜವಾಗಿಯೂ ಕೇಳಿದ್ದಳು.

ಆಗ ನಮ್ಮ ಡಿಪಾರ್ಟ್‌ಮೆಂಟಿನ ಹೆಡ್ ಶಿವಲಿಂಗಪ್ಪನವರು. ಸದಾ ಎಲೆ ಅಡಿಕೆ, ಬಿಳಿ ಧೋತರ. ನನ್ನ ಕಣ್ಣಲ್ಲಿ ನೀರು ನೋಡಿ ಅವರು ನಕ್ಕುಬಿಟ್ಟರು. "ಮೇಡಂ, ನೀವು ಫ್ಯೂಡಲಿಸಂ ಫ್ಯೂಡಲಿಸಂ ಅಂತ ಯಾಕ ಬಡ್ಕೋತೀರಿ? ಈ ಹುಡುಗೇರು ಹರಿಹರ, ಬಾತಿ, ಸಾರಥಿ ಕಡೆಯಿಂದ ಬಸ್ಸಿಗೆ ಬರೋರು. ಗೌಡರ ಮನೆ ಅಂದ್ರೆ ಏನು, ಪಾಲು ಅಂದ್ರೆ ಏನು, ಹಗೆ ಅಂದ್ರೆ ಏನು, ನಿಮಗಿಂತ ಅವರಿಗೆ ಚೊಲೋ ಗೊತ್ತೈತೆ. ಒಂದು ಮನೆತನ ಹಿಡ್ಕೊಳ್ರಿ. ಅದರ ಕಥೆ ಹೇಳ್ರಿ. ಸಾಕು."

ಯಾವ ಮನೆತನ? ನನಗೆ ತಟ್ಟನೆ ನೆನಪಾದದ್ದು ಡಗ್ಲಸ್ ಮನೆತನ. ಕಾನ್ವೆಂಟಿನಲ್ಲಿ ನಮಗೆ ಹೊಲಿಗೆ ಕಲಿಸುತ್ತಿದ್ದ ಮುದಿ ಸಿಸ್ಟರ್ ಸ್ಕಾಟ್ಲೆಂಡಿನವರು. ನಾವು ಕರ್ಚೀಫಿನ ಅಂಚು ಹೊಲಿಯುತ್ತಿದ್ದರೆ ಅವರು ತಮ್ಮ ದೇಶದ ಆ ಹಳೆಯ ಪ್ರಭುಗಳ ಕಥೆ ಹೇಳುತ್ತಿದ್ದರು. ಸೂಜಿ ಚುಚ್ಚಿಕೊಂಡು ಅತ್ತದ್ದು ಎಷ್ಟು ಸಲವೋ, ಕಥೆಗೆ ಅತ್ತದ್ದು ಎಷ್ಟು ಸಲವೋ, ಐ ಕಾಂಟ್ ಸೇ. ಆ ಮನೆತನಕ್ಕೆ ಬ್ಲ್ಯಾಕ್ ಡಗ್ಲಸ್ ಎಂದು ಹೆಸರು. ನನ್ನ ಹುಡುಗಿಯರು ಒಂದೇ ವಾರದಲ್ಲಿ ಅವರನ್ನು ಕರಿಗೌಡರು ಮಾಡಿದರು. ಕ್ಯಾಸಲ್ ವಾಡೆಯಾಯಿತು.

ನನ್ನದೊಂದು ಪದ್ಧತಿ ಇತ್ತು. ಬೋರ್ಡಿನ ತುಂಬ ವಂಶವೃಕ್ಷ ಬರೆಯುವುದು, ಕಥೆ ಮುಂದುವರಿದಂತೆ ಸತ್ತವರ ಹೆಸರನ್ನು ಒಂದೊಂದಾಗಿ ಒರೆಸುವುದು. ಡಸ್ಟರ್ ಕೈಗೆತ್ತಿಕೊಂಡರೆ ಸಾಕು, ಕ್ಲಾಸಿನಲ್ಲಿ "ಅಯ್ಯೋ, ಯಾರು ಮಿಸ್?" ಎಂಬ ಪಿಸುಮಾತು. ಕೊನೆಗೆ ಬೋರ್ಡು ಪೂರಾ ಕರಿ. ಈಗ ಪಿಪಿಟಿ ಬಂದಿದೆ, ಒಂದು ಕ್ಲಿಕ್ಕಿಗೆ ಇಡೀ ವಂಶ ಬಣ್ಣಬಣ್ಣದಲ್ಲಿ ಕಾಣುತ್ತದೆ. ಆದರೆ ಅಲ್ಲಿ ಯಾರೂ ಸಾಯುವುದಿಲ್ಲ. ಸ್ಲೈಡು ಬದಲಾಗುತ್ತದೆ, ಅಷ್ಟೆ. ನಾನು ರಿಟೈರ್ ಆಗುವ ಹೊತ್ತಿಗೆ ಸಿಲಬಸ್ಸಿನಿಂದ ಆ ಅಧ್ಯಾಯವೇ ಹೋಗಿತ್ತು.

ಸಾರಥಿಯ ನಾಗರತ್ನ ನನ್ನ ಕ್ಲಾಸಿಗೆ ಬಂದದ್ದು ಬೋರ್ಡು, ಚಾಕ್‌ಪೀಸಿನ ಕಾಲದಲ್ಲಿ. ಸಣಕಲು ಹುಡುಗಿ. ಎರಡು ಜಡೆ, ಮಂಡಿಯ ಮೇಲೆ ಊಟದ ಡಬ್ಬಿ. ಒಂದು ದಿನ ಸ್ಟಾಫ್‌ರೂಮಿಗೆ ಬಂದು, "ಮಿಸ್, ನಮ್ಮಪ್ಪ ಒಂದು ಡೌಟ್ ಕೇಳ್ಯಾರೆ" ಎಂದಳು.

"ನಿಮ್ಮಪ್ಪನಿಗೆ ನನ್ನ ಪಾಠದಲ್ಲಿ ಡೌಟೇ?"

"ದಿನಾ ಮನೆಗೆ ಹೋದ ಕೂಡ್ಲೆ ಕೇಳ್ತಾರ್ರಿ, ಇವತ್ತು ಮೇಡಂ ಯಾರನ್ನ ಒರೆಸಿದ್ರು ಅಂತ. ನಾನು ಅಂಗಳದ ಬಂಡೆ ಮೇಲೆ ಚಾಕ್‌ಪೀಸಿನಲ್ಲಿ ಬರ್ದು ತೋರಿಸ್ತೀನಿ."

ಅವಳ ತಂದೆ ಹಾಲಪ್ಪಗೌಡರು. ಶಾಲೆಗೆ ಹೆಚ್ಚು ಹೋದವರಲ್ಲ. ಆದರೆ ಗೌಡಿಕೆ ಮಾಡಿದ ಹಳೆಯ ಮನೆ. ಮೊದಲ ಜೇಮ್ಸ್ ಡಗ್ಲಸ್‌ನ ಕಥೆ ಅವರಿಗೆ ಬಲು ಮೆಚ್ಚಿಗೆಯಾಗಿತ್ತಂತೆ. ತಂದೆ ಪರರ ಸೆರೆಯಲ್ಲಿ ಸತ್ತು, ವಾಡೆ ಶತ್ರುವಿನ ಪಾಲಾಗಿ, ಬರಿಗೈಯಲ್ಲಿ ಹೊರಟ ಹುಡುಗ ತನ್ನ ದೊರೆಯ ಬಲಗೈಯಾಗಿ ಎಲ್ಲವನ್ನೂ ಮರಳಿ ಗಳಿಸುತ್ತಾನೆ. ದೊರೆ ಸಾಯುವಾಗ, ನನ್ನ ಹೃದಯವನ್ನು ಪವಿತ್ರ ಭೂಮಿಗೆ ಒಯ್ಯಿ ಎಂದು ಕೇಳಿಕೊಳ್ಳುತ್ತಾನೆ. ಜೇಮ್ಸ್ ಅದನ್ನು ಬೆಳ್ಳಿಯ ಕರಡಿಗೆಯಲ್ಲಿಟ್ಟು ಕೊರಳಿಗೆ ಕಟ್ಟಿಕೊಂಡು ಹೊರಡುತ್ತಾನೆ, ದಾರಿಯಲ್ಲಿ ಯುದ್ಧದಲ್ಲಿ ಸಾಯುತ್ತಾನೆ.

"ಕೊರಳಾಗಿನ ಕರಡಿಗೆ ಅಂದ್ರೆ ನಮ್ಮಪ್ಪ ಲಿಂಗದ ಕರಡಿಗೆ ಮುಟ್ಟಿ ನೋಡ್ಕೊಂಡ್ರು ಮಿಸ್. ಆಮೇಲೆ ಕೇಳಿದ್ರು, ಅಂಥಾ ಮನುಷ್ಯಾಗೆ ತಮ್ಮಂದಿರು ಇದ್ರಾ ಅಂತ. ಅದೇ ಡೌಟು."

ಆ ಡೌಟಿನ ಹಿಂದಿನ ಸಂಗತಿ ನಿಧಾನವಾಗಿ ತಿಳಿಯಿತು. ಹಾಲಪ್ಪಗೌಡರು ಮೂವರು ಅಣ್ಣತಮ್ಮಂದಿರು. ಹಿರಿಯರು ಬಸಪ್ಪಗೌಡರು, ಅವರಿಗೆ ಮಕ್ಕಳಿಲ್ಲ. ಕಿರಿಯ ರುದ್ರಪ್ಪ ಹಿರಿಯರ ಜೊತೆಯಲ್ಲೇ ಉಳಿದು ಅವರ ಗದ್ದೆ ನೋಡಿಕೊಳ್ಳುತ್ತಿದ್ದ. ಪಾಲಾಗುವಾಗ ಭೂಮಿಗೆ ಜಗಳ ಬರಲಿಲ್ಲ, ಪಾತ್ರೆಗೆ ಬರಲಿಲ್ಲ. ಬಂದದ್ದು ಒಂದು ಜೋಡಿ ಎತ್ತಿಗೆ. ಒಂದು ಬಿಳಿ, ಒಂದು ಕರಿ. ಎರಡನ್ನೂ ಕರುವಿನಿಂದ ಸಾಕಿದ್ದು ಹಾಲಪ್ಪಗೌಡರು. ರುದ್ರಪ್ಪ ನಡುವೆ ಬಾಯಿ ಹಾಕಿ, "ನ್ಯಾಯ ಅಂದ್ರೆ ನ್ಯಾಯ, ಮನೆಗೊಂದು" ಎಂದ. ಬಿಳಿಯದು ಈ ಮನೆಗೆ ಬಂತು, ಕರಿಯದು ಆ ಮನೆಯಲ್ಲಿ ಉಳಿಯಿತು. ಒಂಟಿ ಎತ್ತು ಇಟ್ಟುಕೊಂಡು ಯಾರು ತಾನೇ ಉತ್ತಾರು? ಅಂದಿನಿಂದ ಎರಡು ಮನೆಗಳ ನಡುವೆ ನೀರಿಲ್ಲ, ಮಾತಿಲ್ಲ. ಸಂಜೆ ಕರಿ ಎತ್ತು ತಮ್ಮ ಬಾಗಿಲ ಮುಂದೆ ಹಾಯುವಾಗ ಹಾಲಪ್ಪಗೌಡರು ಒಳಗೆ ಹೋಗಿ ಕೂರುತ್ತಿದ್ದರಂತೆ.

ಆ ಶುಕ್ರವಾರ ನಾನು ಹೇಳುತ್ತಿದ್ದದ್ದು ಕರಿಗೌಡರ ಊಟದ ಕಥೆ. ಅಷ್ಟು ಹೊತ್ತಿಗೆ ಮನೆತನ ದೊರೆಯನ್ನೂ ಮೀರಿ ಬೆಳೆದಿತ್ತು. ಹಿರಿಯ ಪ್ರಭು ಜ್ವರದಿಂದ ಸತ್ತು, ಪಟ್ಟ ಒಬ್ಬ ಹದಿಹರೆಯದ ಹುಡುಗನಿಗೆ ಬಂದಿತ್ತು. ದೊರೆಯೂ ಇನ್ನೂ ಬಾಲಕ, ಅಧಿಕಾರವೆಲ್ಲ ಮಂತ್ರಿಗಳ ಕೈಯಲ್ಲಿ. ಅವರು ಆ ಹುಡುಗನನ್ನೂ ಅವನ ತಮ್ಮನನ್ನೂ ದೊರೆಯ ಹೆಸರಿನಲ್ಲಿ ಎಡಿನ್‌ಬರದ ಕೋಟೆಗೆ ಊಟಕ್ಕೆ ಕರೆಯುತ್ತಾರೆ. ನಗು, ಹಾಡು, ಪಕ್ವಾನ್ನ. ಕೊನೆಯಲ್ಲಿ ಒಂದು ತಟ್ಟೆ ತಂದು ಹುಡುಗರ ಮುಂದೆ ಇಡುತ್ತಾರೆ. ಅದರಲ್ಲಿ ಕರಿ ಹೋರಿಯ ತಲೆ. ಅಲ್ಲಿನ ರೂಢಿಯಲ್ಲಿ ಅದು ಸಾವಿನ ಗುರುತು ಎಂದು ಕಥೆ. ಹುಡುಗರನ್ನು ಎಳೆದೊಯ್ದು ತಲೆ ಕಡಿಯುತ್ತಾರೆ.

ಕ್ಲಾಸಿನಲ್ಲಿ "ಶಿವ ಶಿವಾ!" ಎಂದರು. ಬಸವಣ್ಣನಿಗೆ ಕೈಮುಗಿಯುವ ಮಕ್ಕಳು ಅವರು. "ಉಣ್ಣಾಕೆ ಕರ್ದು ಹಿಂಗೆ ಮಾಡೋದೇನ್ರಿ ಮಿಸ್? ಅವರ ಮನೆ ಉದ್ಧಾರ ಆಗ್ತೈತೇನು?" ಎಂದು ಒಬ್ಬಳು ಅಳುದನಿಯಲ್ಲಿ ಕೇಳಿದಳು. ನಾನು ಡಸ್ಟರ್ ತೆಗೆದುಕೊಂಡು ಎರಡೂ ಹೆಸರು ಒರೆಸಿದೆ. "ಈಗ ಒಂದು ಪ್ರಶ್ನೆ ಕೇಳ್ತೀನಿ. ಯೋಚನೆ ಮಾಡಿ ಹೇಳಿ" ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಪ್ಯೂನ್ ಬಾಗಿಲಿಗೆ ಬಂದ. ಕಾಲೇಜಿನ ಹಳೆಯ ಕಮಿಟಿ ಮೆಂಬರ್ ಒಬ್ಬರು ತೀರಿಕೊಂಡಿದ್ದರು. ಅಂಗಳದಲ್ಲಿ ಎರಡು ನಿಮಿಷ ಮೌನ, ಆಮೇಲೆ ರಜೆ. ಮೌನ ಮುಗಿಯುವುದರೊಳಗೇ ಅರ್ಧ ಕಾಲೇಜು ಗೇಟಿನ ಬಳಿ ಇತ್ತು. ನನ್ನ ಪ್ರಶ್ನೆ ಬೋರ್ಡಿನ ಮುಂದೆ ಉಳಿಯಿತು.

ಸೋಮವಾರ ನಾಗರತ್ನ ಕ್ಲಾಸಿಗೆ ಬರಲಿಲ್ಲ. ಮಂಗಳವಾರ ಸ್ಟಾಫ್‌ರೂಮಿನ ಬಾಗಿಲಲ್ಲಿ ನಿಂತಿದ್ದಳು. ಕಣ್ಣು ಊದಿತ್ತು.

"ಶನಿವಾರ ಊರ ಹಿರಿಯರು ನಮ್ಮನೆಗೆ ಬಂದಿದ್ರು ಮಿಸ್. ದೊಡ್ಡಪ್ಪ ಹೇಳಿ ಕಳ್ಸಿದ್ರು. ಭಾನುವಾರ ಎಲ್ಲಾರೂ ಅವರ ಮನ್ಯಾಗೆ ಕೂಡಿ ಉಣ್ಣೋಣ, ಉಂಡೆದ್ದ ಮೇಲೆ ಕರಿ ಎತ್ತನ್ನ ಹಾಲಪ್ಪನ ಕೊಟ್ಟಿಗೆಗೆ ಹೊಡ್ಕೊಂಡು ಹೋಗ್ಲಿ, ಜೋಡಿ ಕೂಡಿಸ್ಲಿ ಅಂತ."

"ಎಷ್ಟು ಒಳ್ಳೆಯ ಮಾತು!"

"ನಮ್ಮಪ್ಪ ಹೋಗ್ಲಿಲ್ಲ."

ಹಿರಿಯರು ಅತ್ತ ಹೋಗುತ್ತಿದ್ದಂತೆ ಇತ್ತ ರುದ್ರಪ್ಪ ಹಿತ್ತಲ ಬಾಗಿಲಿನಿಂದ ಬಂದಿದ್ದನಂತೆ. "ಹೋಗ್ಬ್ಯಾಡಣ್ಣ. ನಾಕು ಮಂದಿ ಮುಂದೆ ನಿನ್ನ ಕೂಡಿಸಿ ಮಾನ ಕಳೀಬೇಕಂತ ಮಾಡ್ಯಾರೆ" ಎಂದನಂತೆ. ಆ ಮಾತೊಂದೇ ಆಗಿದ್ದರೆ ಹಾಲಪ್ಪಗೌಡರು ಕೊಡವಿಕೊಂಡು ಹೋಗುತ್ತಿದ್ದರೋ ಏನೋ. ಆದರೆ ಹಿಂದಿನ ದಿನ ಸಂಜೆಯಷ್ಟೇ ಬಂಡೆಯ ಮೇಲೆ ಮಗಳು ಎರಡು ಹೆಸರು ಬರೆದು ಅಳಿಸಿದ್ದಳು. ಊಟಕ್ಕೆ ಕರೆದದ್ದು, ಕರಿ ಹೋರಿ, ತಟ್ಟೆಯಲ್ಲಿ ತಲೆ. ಅವರಿಗೆ ಅದು ಕಥೆಯಾಗಿ ಕೇಳಲಿಲ್ಲ, ಶಕುನವಾಗಿ ಕೇಳಿತು. "ನಾಗಿ, ನಿಮ್ಮ ಮೇಡಂ ಬಾಯಾಗಿಂದ ಶಿವನೇ ನುಡಿಸಿದ ನೋಡು" ಎಂದರಂತೆ.

ಬಸಪ್ಪಗೌಡರ ಮನೆಯಲ್ಲಿ ಸಾಲಾಗಿ ಎಲೆ ಹಾಕಿ, ನೀರು ಚಿಮುಕಿಸಿ, ಬಡಿಸಿ ಕಾದರು. ಹಿರಿಯರು ಯಾರೂ ತುತ್ತೆತ್ತಲಿಲ್ಲ. ಹೋಳಿಗೆಯ ಮೇಲಿನ ತುಪ್ಪ ಹೆಪ್ಪುಗಟ್ಟಿತು. ಕೊನೆಗೆ ಬಸಪ್ಪಗೌಡರು ತಾವೇ ಎದ್ದು, ಹಾಲಪ್ಪನಿಗೆಂದು ಹಾಕಿದ್ದ ಪಕ್ಕದ ಎಲೆಯನ್ನು ಬಡಿಸಿದ್ದೆಲ್ಲದರ ಸಮೇತ ಮಡಚಿ, "ಬಡಿಸಿದ ಎಲೆಗೆ ಬರ್ಲಿಲ್ಲಲ್ಲ. ಇನ್ನ ಅವ ಸತ್ರೆ ನಾ ಹೋಗಾಂಗಿಲ್ಲ, ನಾ ಸತ್ರೆ ಅವ ಬರಾದು ಬ್ಯಾಡ" ಎಂದರಂತೆ. ನಮ್ಮ ಕಡೆ ಬೈದರೂ ಮರೆಯುತ್ತಾರೆ, ಹೊಡೆದರೂ ಮರೆಯುತ್ತಾರೆ. ಬಡಿಸಿದ ಎಲೆ ಉಣ್ಣುವವರಿಲ್ಲದೆ ಉಳಿದದ್ದನ್ನು ಮರೆಯುವುದಿಲ್ಲ. ಮರುದಿನ ಬೆಳಗಿನ ಹೊತ್ತಿಗೆ ಕರಿ ಎತ್ತು ಯಾರಿಗೋ ಮಾರಾಟವಾಗಿ ಊರು ಬಿಟ್ಟಿತ್ತು.

"ಅವತ್ತು ಏನೋ ಕೇಳ್ಬೇಕಂತ ಇದ್ರಲ್ಲ ಮಿಸ್, ಏನದು?" ಎಂದಳು ನಾಗರತ್ನ.

ಹೇಳಲೇ ಬೇಡವೇ ಎಂದುಕೊಳ್ಳುತ್ತಲೇ ಹೇಳಿದೆ. ಆ ಹುಡುಗರು ಸತ್ತದ್ದರಿಂದ ಯಾರಿಗೆ ಲಾಭವಾಯಿತು ಎಂಬುದು ನನ್ನ ಪ್ರಶ್ನೆ. ಮಂತ್ರಿಗಳಿಗೆ ಎಂದು ಎಲ್ಲರೂ ಉತ್ತರ ಹೇಳುತ್ತಾರೆ. ಆದರೆ ಪಟ್ಟ ಹೋದದ್ದು ಹುಡುಗರ ಸ್ವಂತ ಚಿಕ್ಕಜ್ಜನಿಗೆ. ಅವನ ಹೆಸರೂ ಜೇಮ್ಸ್. ಬಲು ದಪ್ಪನೆಯ ಮನುಷ್ಯ. ಮೊಮ್ಮಕ್ಕಳ ಕೊಲೆಯಾದಾಗ ಅವನು ಕತ್ತಿಯನ್ನೂ ಎತ್ತಲಿಲ್ಲ, ದನಿಯನ್ನೂ ಎತ್ತಲಿಲ್ಲ. ಅವನಿಗೂ ಇದರಲ್ಲಿ ಕೈ ಇತ್ತೇನೋ ಎಂದು ಇತಿಹಾಸಕಾರರ ಗುಮಾನಿ.

ಅಣ್ಣಂದಿರಿಬ್ಬರೂ ಒಂದಾದರೆ ರುದ್ರಪ್ಪ ನೋಡಿಕೊಳ್ಳುತ್ತಿದ್ದ ದೊಡ್ಡಪ್ಪನ ಗದ್ದೆ ಯಾರ ಕೈಯಿಂದ ಯಾರ ಕೈಗೆ ಬರುತ್ತಿತ್ತು ಎಂದು ನಾನು ನಾಗರತ್ನನಿಗೆ ವಿವರಿಸಬೇಕಾಗಿರಲಿಲ್ಲ. "ಶುಕ್ರವಾರ ಇಷ್ಟು ಹೇಳಿದ್ರೆ ಸಾಕಿತ್ತಲ್ಲ ಮಿಸ್" ಎಂದಳು. ದೂರುವ ದನಿಯಲ್ಲಲ್ಲ. ಬಸ್ಸು ಈಗಷ್ಟೇ ಹೋಯಿತಲ್ಲ ಎನ್ನುವ ದನಿಯಲ್ಲಿ. ಅಂದು ಸಂಜೆ ಅವಳು ಬಂಡೆಯ ಮುಂದೆ ಕೂತಾಗ ತಂದೆ ಚಾಕ್‌ಪೀಸನ್ನು ಕಸಿದುಕೊಂಡರಂತೆ. "ಆ ಕಥೆ ಇನ್ನ ಈ ಮನ್ಯಾಗೆ ಬ್ಯಾಡ."

ಶಿವಲಿಂಗಪ್ಪನವರಿಗೆ ಎಲ್ಲವನ್ನೂ ಹೇಳಿದೆ. ಅವರು ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿ, "ಪಾಠ ಹೇಳೋರು ಬೆಲ್ಲಿಗೆ ಹೆದರ್ತೀವಿ ಮೇಡಂ. ಹೆದರಬೇಕಾದ್ದು ಕೇಳೋರ ಮನೆಗೆ" ಎಂದರು. ಅದು ಸಮಾಧಾನವೋ, ಗದರಿಕೆಯೋ, ಟಿಲ್ ಟುಡೇ ಐ ಡೋಂಟ್ ನೋ. ಆಮೇಲೆ ಆ ಅಧ್ಯಾಯವನ್ನು ಪ್ರತಿ ವರ್ಷ ಹೇಳಿದೆ. ಎರಡು ಪೀರಿಯಡ್ ಸೇರಿಸಿ ಪಡೆಯುತ್ತಿದ್ದೆ, ಊಟವನ್ನೂ ಚಿಕ್ಕಜ್ಜನನ್ನೂ ಒಂದೇ ಉಸಿರಿನಲ್ಲಿ ಮುಗಿಸುತ್ತಿದ್ದೆ. ಬೇರೆ ಲೆಕ್ಚರರ್‌ಗಳು ನನ್ನ ಟೈಂಟೇಬಲ್ಲಿನ ಹಟ ನೋಡಿ ನಗುತ್ತಿದ್ದರು. ನಗಲಿ.

ವರ್ಷಗಳು ಹೋದವು. ಬಸಪ್ಪಗೌಡರು ತೀರಿಕೊಂಡರು. ಮಣ್ಣಿಗೆ ಹಾಲಪ್ಪಗೌಡರು ಹೋಗಲಿಲ್ಲ, ಹೋಗಬೇಡವೆಂಬ ಅಣ್ಣನ ಮಾತು ಇತ್ತಲ್ಲ. ಗದ್ದೆ ರುದ್ರಪ್ಪನದಾಯಿತು. ನಾಗರತ್ನ ಓದಿ ಹರಿಹರದ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರ್ ಆದಳು. ಯುಗಾದಿಗೊಮ್ಮೆ ಫೋನು, ದೀಪಾವಳಿಗೊಮ್ಮೆ ಫೋನು.

ಹೋದ ವರ್ಷ ಹಬ್ಬವಲ್ಲದ ದಿನ ಅವಳ ಫೋನು ಬಂತು. "ಮಿಸ್, ಭಾನುವಾರ ಸಾರಥಿಗೆ ಬರಾಕೆ ಆಗ್ತೈತೇನ್ರಿ? ಅಪ್ಪ ನಿಮ್ಮನ್ನ ಕೇಳ್ತಾರೆ."

ಹರಿಹರದ ಬಸ್ ಸ್ಟ್ಯಾಂಡಿನಿಂದ ಅವಳೇ ನನ್ನನ್ನು ಕರೆದುಕೊಂಡು ಹೋದಳು. ಹಾಲಪ್ಪಗೌಡರು ಮನೆಯ ಕಟ್ಟೆಯ ಮೇಲೆ ಕಂಬಕ್ಕೆ ಒರಗಿ ಕೂತಿದ್ದರು. ಅಷ್ಟು ವರ್ಷ ಅವರ ಬಗ್ಗೆ ಕೇಳಿದ್ದೆನೇ ಹೊರತು ನೋಡಿರಲಿಲ್ಲ. ಬೆನ್ನು ಬಾಗಿತ್ತು, ಮೀಸೆ ಮಾತ್ರ ಬಾಗಿರಲಿಲ್ಲ.

"ಬರ್ರಿ ಮೇಡಮ್ನೋರೆ, ಕೂಡ್ರಿ. ನಿಮ್ಮ ಕರಿಗೌಡ್ರು ನಮ್ಮ ಮನೆ ಬಿಟ್ಟು ಹೋಗಿ ಭಾಳ ದಿನ ಆತು. ಇವತ್ತು ಪೂರಾ ಹೇಳ್ರಿ."

"ಇವತ್ತೇ ಯಾಕೆ ಗೌಡರೆ?"

ಅವರು ಎದುರಿನ ಓಣಿಯ ಕಡೆ ಗಲ್ಲ ಎತ್ತಿ ತೋರಿಸಿದರು. "ಇವತ್ತು ನಮ್ಮಣ್ಣನ ವರ್ಷದ ಎಡೆ. ರುದ್ರ ಊಟಕ್ಕೆ ಹೇಳಿ ಕಳ್ಸ್ಯಾನೆ. ಮೈಯಾಗೆ ಆರಾಮಿಲ್ಲ ಅವಂಗೆ. ಅವತ್ತು ಅರ್ಧ ಕಥೆ ಕೇಳಿ ಮನ್ಯಾಗೆ ಕುಂತೆ. ಈ ಸಲ ಪೂರಾ ಕೇಳ್ತೀನಿ. ಆಮೇಲೆ ಹೋಗಾದೋ ಬ್ಯಾಡೋ ನೋಡ್ತೀನಿ."

ನಾಗರತ್ನ ಬಂಡೆಯ ಮೇಲೆ ಹೆಸರು ಬರೆಯತೊಡಗಿದಳು. ನಾನು ಚಿಕ್ಕಜ್ಜ ಜೇಮ್ಸನಿಂದ ಶುರು ಮಾಡಿದೆ. ಅವನು ಪಟ್ಟ ಪಡೆದದ್ದನ್ನು ಕೇಳಿ ಗೌಡರು ತಲೆಯಾಡಿಸಿದರು. "ಅದು ನಂಗೆ ತಿಳ್ದಿತ್ತು ಬಿಡ್ರಿ. ನಾಗಿ ಹೇಳ್ಲಿಲ್ಲ, ಗದ್ದೆ ಹೇಳ್ತು. ಮುಂದೆ?"

ಮುಂದೆ. ಮುಂದಿನದು ಇನ್ನೊಂದು ಊಟ. ಚಿಕ್ಕಜ್ಜನ ಮಗ ಪ್ರಭುವಾದಾಗ ದೊರೆ ಅವನನ್ನೂ ಊಟಕ್ಕೆ ಕರೆಯುತ್ತಾನೆ, ನಿನ್ನ ಕೂದಲೂ ಕೊಂಕುವುದಿಲ್ಲ ಎಂದು ಬರೆದುಕೊಟ್ಟು. ಉಂಡು ಎದ್ದ ಮೇಲೆ ದೊರೆಯೇ ಚೂರಿ ಹಾಕುತ್ತಾನೆ. ನಾಗರತ್ನ ಚಾಕ್‌ಪೀಸ್ ಹಿಡಿದ ಕೈಯನ್ನು ತಡೆದು ನನ್ನ ಮುಖ ನೋಡಿದಳು. ಬಿಟ್ಟುಬಿಡಿ ಮಿಸ್ ಎನ್ನುವ ನೋಟ. ಬಿಡುವುದು ಸುಲಭವಿತ್ತು. ಅಡ್ಡ ಬರುವ ಬೆಲ್ಲಿಲ್ಲ, ಪ್ಯೂನಿಲ್ಲ, ಮಾರ್ಕ್ಸ್ ಕಳೆಯುವವರಿಲ್ಲ. ಒಂದು ಊಟವನ್ನು ಹಾರಿಸಿದರೆ ಈ ಮುದುಕ ಎದ್ದು ಹೋಗಿ ತಮ್ಮನ ಜೊತೆ ಉಂಡಾನು. ಆದರೆ ಒಮ್ಮೆ ಅರ್ಧ ಕಥೆ ಕೇಳಿ ಕೆಟ್ಟ ಮನೆಗೆ ಮತ್ತೆ ಅರ್ಧವನ್ನೇ ಹೇಗೆ ಕೊಡಲಿ? ಎಲ್ಲವನ್ನೂ ಹೇಳಿದೆ. ಚೂರಿ, ಆಮೇಲಿನ ಯುದ್ಧ, ಆ ಚಿಕ್ಕಜ್ಜನ ಮಕ್ಕಳು ಒಬ್ಬೊಬ್ಬರಾಗಿ ಸತ್ತದ್ದು, ಕೊನೆಯ ಪ್ರಭು ಪರದೇಶದಲ್ಲಿ ಅಲೆದು, ಸಿಕ್ಕಿಬಿದ್ದು, ಮುಪ್ಪಿನಲ್ಲಿ ಒಂದು ಮಠದಲ್ಲಿ ಉಸಿರು ಬಿಟ್ಟದ್ದು. ಬಂಡೆ ಖಾಲಿಯಾಯಿತು.

"ಎರಡನೇ ಸಲನೂ ಕರ್ದೇ ಕೊಂದ್ರಾ?" ಎಂದರು ಗೌಡರು.

"ಹೌದು."

"ಆ ಎರಡನೇಯವಂಗೆ ಮೊದಲ್ನೇ ಊಟದ್ದು ಗೊತ್ತಿತ್ತಾ?"

"ಗೊತ್ತಿತ್ತು. ಅವರ ಮನೆಯದೇ ಕಥೆ."

"ಗೊತ್ತಿದ್ದೂ ಹೋದ?"

"ಹೋದ."

ಅವರು ಮೀಸೆಯ ಮೇಲೆ ಕೈಯಾಡಿಸಿದರು. "ಅವ ನೋಡ್ರಿ ಗೌಡ. ನಾ ಅಲ್ಲ." ಮಗಳ ಕಡೆ ತಿರುಗಿದರು. "ನಾಗಿ, ನನ್ನ ಕೋಲು ತಗಾ. ಮೇಡಂ, ನೀವೂ ಬರ್ರಿ. ನಮ್ಮನ್ಯಾಗೆ ತಲೆಗಿಲೆ ಬಡಿಸಾಂಗಿಲ್ಲ. ಬದ್ನೆಕಾಯಿ ಅಷ್ಟೆ."

ಓಣಿ ದಾಟಲು ಅವರಿಗೆ ಬಹಳ ಹೊತ್ತು ಹಿಡಿಯಿತು. ರುದ್ರಪ್ಪ ಗೋಡೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ. ಒಂದು ಕಾಲದಲ್ಲಿ ದಪ್ಪಗಿದ್ದಿರಬೇಕು, ಈಗ ಅಂಗಿ ಮಾತ್ರ ದಪ್ಪಗಿತ್ತು.

"ಸಾರು ಆರಿ ಹೋತು" ಎಂದ.

"ನಿನ್ನ ಸಾರು ಬಿಸಿ ಇದ್ದಾಗ ರುಚಿ ಇತ್ತೇನೋ?" ಎಂದು ಹಾಲಪ್ಪಗೌಡರು ಹೊಸ್ತಿಲು ದಾಟಿದರು.

ಒಳಗೆ ಮೂರು ಎಲೆ ಹಾಕಿತ್ತು. ಎರಡು ಒಂದರ ಪಕ್ಕ ಒಂದು, ಮೂರನೆಯದು ಅವುಗಳ ಎದುರಿಗೆ, ಗೋಡೆಯ ಮೇಲಿನ ಬಸಪ್ಪಗೌಡರ ಫೋಟೋದ ಕೆಳಗೆ. ಎಡೆಯ ಎಲೆ ಅದು. ಹೋಳಿಗೆ, ತುಪ್ಪ, ಬದನೆಕಾಯಿ ಎಲ್ಲ ಬಡಿಸಿತ್ತು. ಹಾಲಪ್ಪಗೌಡರು ತಮ್ಮ ಎಲೆಯ ಮುಂದೆ ಕೂತರು. ತುತ್ತು ಕಲಸಿದರು. ಕೈ ಮೇಲೇಳಲಿಲ್ಲ. ಎದುರಿನ ಎಲೆಯನ್ನೇ ನೋಡುತ್ತಿದ್ದರು. ಹೋಳಿಗೆಯ ಮೇಲೆ ತುಪ್ಪ ಹೆಪ್ಪುಗಟ್ಟುತ್ತಿತ್ತು.

"ಉಣ್ಣಣ್ಣ" ಎಂದ ರುದ್ರಪ್ಪ ಮೆಲ್ಲಗೆ.

"ಇರೋ" ಎಂದರು ಹಾಲಪ್ಪಗೌಡರು. "ಅವತ್ತು ಅವ ಎಷ್ಟೊತ್ತು ಕಾದಿದ್ನೋ ಏನೋ. ನಾನೂ ಒಂದೀಟು ಕಾಯ್ತೀನಿ."